ಹಿತ್ತಲ ಏರುಮಡಿ: ಎತ್ತರ ಎಷ್ಟಿರಬೇಕು?

ಮಳೆಗಾಲ ಇನ್ನೇನು ಕಾಲಿಡುತ್ತದೆ ಎನ್ನುವಾಗ ಕರಾವಳಿಯ ಹಿತ್ತಲುಗಳಲ್ಲಿ ಗುದ್ದಲಿಯ ಸದ್ದು ಕೇಳತೊಡಗುತ್ತದೆ. ಮಣ್ಣನ್ನು ಎರಡೂ ಕಡೆಯಿಂದ ಎಳೆದು ಉದ್ದುದ್ದ ದಿಬ್ಬ ಮಾಡಿ, ಸುಡುಮಣ್ಣು ಮತ್ತು ಹಟ್ಟಿಗೊಬ್ಬರ ಬೆರೆಸಿ, ಬೆಂಡೆ, ಅಲಸಂದೆ, ಹೀರೆ, ಮುಳ್ಳುಸೌತೆಗಳ ಬೀಜ ಊರುತ್ತಾರೆ. ಇತ್ತ ವಿಜಯಪುರದ ಕಡೆಯ ರೈತರು ಎರೆಹೊಲಗಳಲ್ಲಿ ಸಣ್ಣ ಬದು ಎತ್ತಿ ಚೌಕುಮಡಿ ಕಟ್ಟುತ್ತಾರೆ. ಅಲ್ಲಿ ಮಣ್ಣು ಏರಿಸುವುದು ನೀರು ಓಡಿಹೋಗಲೆಂದು. ಇಲ್ಲಿ ಬದು ಏರಿಸುವುದು ಬಿದ್ದ ಹನಿ ಅಲ್ಲಿಯೇ ಇಂಗಲೆಂದು. ಒಂದೇ ರಾಜ್ಯದೊಳಗೆ ತರಕಾರಿಯ ಮಡಿಗೂ ಹೊಲದ ಮಡಿಗೂ ಇಷ್ಟು ಅಂತರವಿರಲು ಮಳೆಯೇ ಕಾರಣ.

ಈ ಅಂತರವನ್ನು ಪಟ್ಟಣದ ಕೈತೋಟಗಳು ಮರೆತಿರುವಂತೆ ಕಾಣುತ್ತದೆ. ಮನೆಯಲ್ಲಿಯೇ ತರಕಾರಿ ಬೆಳೆಯಬೇಕೆಂಬ ಆಸಕ್ತಿ ಹೆಚ್ಚಿದೆ. ಅದು ಸಂತೋಷದ ಸಂಗತಿಯೇ. ಆದರೆ ಚಿತ್ರಗಳಲ್ಲಿ ಕಂಡ ಏರುಮಡಿಯನ್ನು ಹಾಗೆಯೇ ತಂದು ಕೂರಿಸುವವರು ಬಹಳ. ಇಟ್ಟಿಗೆಯಲ್ಲಿ ಎರಡಡಿ ಎತ್ತರದ ತೊಟ್ಟಿ ಕಟ್ಟಿ, ಲಾರಿಯಲ್ಲಿ ಮಣ್ಣು ತರಿಸಿ ತುಂಬುತ್ತಾರೆ. ಒಂದು ಊರಿನಲ್ಲಿ ಆ ತೊಟ್ಟಿಯ ಗಿಡಗಳ ಬೇರು ಕೊಳೆಯುತ್ತದೆ. ಇನ್ನೊಂದು ಊರಿನಲ್ಲಿ ದಿನಕ್ಕೆರಡು ಸಲ ನೀರು ಹಾಕಿದರೂ ಗಿಡ ಬಾಡುತ್ತದೆ. ಹಣವೂ ಹೋಯಿತು, ಉತ್ಸಾಹವೂ ಹೋಯಿತು ಎನ್ನುವಂತಾಗುತ್ತದೆ. ಮಡಿ ಏಕೆ ಏರಿರಬೇಕು ಎಂಬುದು ತಿಳಿದರೆ ಎಷ್ಟು ಏರಬೇಕು ಎಂಬುದೂ ತಾನಾಗಿ ತಿಳಿಯುತ್ತದೆ.

ಬೇರಿಗೂ ಉಸಿರು ಬೇಕು

ಒಳ್ಳೆಯ ಮಣ್ಣಿನಲ್ಲಿ ಗಟ್ಟಿ ಪದಾರ್ಥ ಇರುವುದು ಸುಮಾರು ಅರ್ಧ ಪಾಲು ಮಾತ್ರ. ಉಳಿದರ್ಧ ಬರೀ ಸಂದು, ರಂಧ್ರಗಳು. ಆ ರಂಧ್ರಗಳಲ್ಲಿ ಅರ್ಧದಷ್ಟು ನೀರು, ಅರ್ಧದಷ್ಟು ಗಾಳಿ ಇದ್ದರೆ ಗಿಡಕ್ಕೆ ಹಿತ. ಬೇರಿನ ಜೀವಕೋಶಗಳೂ ನಮ್ಮಂತೆಯೇ ಆಮ್ಲಜನಕ ತೆಗೆದುಕೊಂಡು ಇಂಗಾಲದ ಡೈ ಆಕ್ಸೈಡ್ ಬಿಡುತ್ತವೆ. ಮಳೆ ಬಿಡದೆ ಸುರಿದು ರಂಧ್ರಗಳೆಲ್ಲ ನೀರಿನಿಂದ ತುಂಬಿಕೊಂಡರೆ ಬೇರಿಗೆ ಉಸಿರು ಕಟ್ಟುತ್ತದೆ. ಏಕೆಂದರೆ ಗಾಳಿಯಲ್ಲಿ ಹರಡುವುದಕ್ಕೆ ಹೋಲಿಸಿದರೆ ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಸುಮಾರು 10,000 ಪಟ್ಟು ಕಡಿಮೆ.

ಉಸಿರು ಕಟ್ಟಿದ ಬೇರು ನೀರನ್ನು ಹೀರಲಾರದು. ಆಗ ನೀರಿನ ನಡುವೆಯೇ ನಿಂತ ಗಿಡದ ಎಲೆ ಜೋತುಬೀಳುತ್ತದೆ. ನೋಡಿದವರು ನೀರು ಸಾಲದೆಂದು ಇನ್ನೊಂದು ಕೊಡ ಸುರಿಯುತ್ತಾರೆ! ಇದರ ಜೊತೆಗೆ ಒದ್ದೆ ಮಣ್ಣನ್ನೇ ಕಾಯುತ್ತಿರುವ ಶಿಲೀಂಧ್ರಗಳು ಬೇರಿಗೆ ಹತ್ತುತ್ತವೆ. ಮಲೆನಾಡಿನ ಶುಂಠಿ ಬೆಳೆಗಾರರು ಮಡಿ ಏರಿಸಿ ನಡುವೆ ಬಸಿಗಾಲುವೆ ತೆಗೆಯುವುದು ಈ ಕೊಳೆರೋಗದ ಭಯದಿಂದಲೇ.

ಮಣ್ಣು ಏರಿಸಿದರೆ ಏನಾಗುತ್ತದೆ ಎಂಬುದನ್ನು ಪಾತ್ರೆ ತೊಳೆಯುವ ಸ್ಪಂಜಿನಿಂದ ಅಡುಗೆಮನೆಯಲ್ಲಿಯೇ ನೋಡಬಹುದು. ಆಯತಾಕಾರದ ಸ್ಪಂಜನ್ನು ನೀರಿನಲ್ಲಿ ಅದ್ದಿ, ಹಿಂಡದೆ, ಅಡ್ಡಲಾಗಿ ಮಟ್ಟಸವಾಗಿ ಹಿಡಿಯಿರಿ. ಸ್ವಲ್ಪ ಹೊತ್ತು ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಇಳಿಯತೊಡಗುತ್ತದೆ. ಸ್ಪಂಜು ಅದೇ, ಬದಲಾದದ್ದು ಎತ್ತರ ಮಾತ್ರ. ಸಣ್ಣ ರಂಧ್ರಗಳು ತಳದಿಂದ ಒಂದು ನಿರ್ದಿಷ್ಟ ಎತ್ತರದವರೆಗೆ ಮಾತ್ರ ನೀರನ್ನು ತುಂಬಿಟ್ಟುಕೊಳ್ಳಬಲ್ಲವು. ಅದಕ್ಕಿಂತ ಮೇಲಿನ ಭಾಗ ಬಸಿದು ಅಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಏರುಮಡಿಯ ಗುಟ್ಟೆಲ್ಲ ಇಷ್ಟೇ. ಬೇರುಗಳನ್ನು ತಳದ ಆ ತೊಯ್ದ ಪದರದಿಂದ ಮೇಲಕ್ಕೆ ಎತ್ತುವುದೇ ಅದರ ಕೆಲಸ.

ಇದರಿಂದ ಇನ್ನೊಂದು ತಪ್ಪು ನಂಬಿಕೆಯೂ ಬಯಲಾಗುತ್ತದೆ. ನೀರು ಚೆನ್ನಾಗಿ ಬಸಿಯಲೆಂದು ಮಡಿಯ ತಳಕ್ಕೆ ಜಲ್ಲಿ ಹಾಸುವ ರೂಢಿ ಇದೆ. ಸಣ್ಣ ರಂಧ್ರದ ಮಣ್ಣಿನಿಂದ ದೊಡ್ಡ ಸಂದಿನ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಣ್ಣಿನ ತಳ ಪೂರ್ತಿ ತುಂಬಿ ತುಳುಕುವವರೆಗೆ ಅದು ಜಲ್ಲಿಯ ಮೇಲೆಯೇ ನಿಂತಿರುತ್ತದೆ. ಅಂದರೆ ಜಲ್ಲಿ ಹಾಕಿದಷ್ಟು ಎತ್ತರವೂ ನಷ್ಟ, ಒದ್ದೆ ಪದರವೂ ಬೇರಿಗೆ ಹತ್ತಿರ. ಅದರ ಬದಲು ಮಡಿ ಏಳಬೇಕಾದ ನೆಲವನ್ನು ಒಂದು ಗುದ್ದಲಿಯಾಳ ಅಗೆದು ಸಡಿಲಿಸಿ, ಅದರ ಮೇಲೆ ಮಣ್ಣು ಏರಿಸಿದರೆ ನೀರು ತಡೆಯಿಲ್ಲದೆ ಕೆಳಗಿಳಿಯುತ್ತದೆ.

ಮಳೆಯ ಲೆಕ್ಕ

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ನಾಲ್ಕಡಿ ಅಗಲ, ಎಂಟಡಿ ಉದ್ದದ ಮಡಿ ಸುಮಾರು 3 ಚದರ ಮೀಟರ್ ಆಗುತ್ತದೆ. ಕರಾವಳಿಯಲ್ಲಿ ಜುಲೈ ತಿಂಗಳ ಒಂದೇ ದಿನ 100 ಮಿ.ಮೀ. ಮಳೆ ಬೀಳುವುದು ಅಪರೂಪವೇನಲ್ಲ. ಆ ದಿನ ಈ ಪುಟ್ಟ ಮಡಿಯ ಮೇಲೆ ಸುರಿಯುವುದು 300 ಲೀಟರ್ ನೀರು. ಇಷ್ಟನ್ನು ಹೊರಗೆ ದಾಟಿಸದಿದ್ದರೆ ಬೇರಿಗೆ ಉಳಿಗಾಲವಿಲ್ಲ.

ಈಗ ಬೇಸಿಗೆಯ ಲೆಕ್ಕ ನೋಡೋಣ. ಬಯಲುಸೀಮೆಯ ಬಿಸಿಲಿಗೆ ತೇವದ ನೆಲದಿಂದಲೂ ಎಲೆಗಳಿಂದಲೂ ದಿನಕ್ಕೆ 5 ಮಿ.ಮೀ.ನಷ್ಟು ನೀರು ಆವಿಯಾಗುತ್ತದೆಂದು ಇಟ್ಟುಕೊಂಡರೂ ಅದೇ ಮಡಿಯಿಂದ ದಿನಕ್ಕೆ 15 ಲೀಟರ್, ಅಂದರೆ ಒಂದು ಬಕೆಟ್ ನೀರು ಹೊರಟುಹೋಗುತ್ತದೆ. ಮಡಿ ಎತ್ತರವಾದಷ್ಟೂ ಅದರ ಪಕ್ಕಗಳು ಬಿಸಿಲಿಗೆ ಕಾಯುತ್ತವೆ, ಮೇಲಿನ ಮಣ್ಣು ಬೇಗ ಒಣಗುತ್ತದೆ. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರಿನಲ್ಲಿ ಎರಡಡಿ ಎತ್ತರದ ಮಡಿ ಕಟ್ಟುವುದೆಂದರೆ ತೂತು ಕೊಡಕ್ಕೆ ನೀರು ತುಂಬಿದಂತೆಯೇ.

ಮಂಗಳೂರಿನ ವಾರ್ಷಿಕ ಮಳೆ 3,500 ಮಿ.ಮೀ. ದಾಟುತ್ತದೆ. ಆಗುಂಬೆಯದು 7,000 ಮಿ.ಮೀ.ಗೂ ಹೆಚ್ಚು. ಬೆಂಗಳೂರಿನಲ್ಲಿ 900ರಿಂದ 1,000 ಮಿ.ಮೀ. ಆಸುಪಾಸು. ಚಳ್ಳಕೆರೆಯ ಕಡೆ 500ಕ್ಕಿಂತಲೂ ಕಡಿಮೆ. ಇಷ್ಟು ಊರುಗಳಿಗೆ ಒಂದೇ ಅಳತೆಯ ಮಡಿ ಹೇಗೆ ಹೊಂದೀತು?

ಹಳೆಯ ಕೃಷಿಕರು ಇದನ್ನು ಬಲ್ಲವರು. ಮೆಕ್ಸಿಕೊ ದೇಶದಲ್ಲಿ ಅಜ್ಟೆಕ್ ಜನ ಆಳವಿಲ್ಲದ ಕೆರೆಯೊಳಗೆ ಕೆಸರು ಮತ್ತು ಜಲಸಸ್ಯಗಳನ್ನು ಪೇರಿಸಿ ‘ಚಿನಾಂಪ’ ಎಂಬ ಎತ್ತರದ ತೋಟಗಳನ್ನು ಮಾಡಿದ್ದರು. ಸುತ್ತಲೂ ಕಾಲುವೆ, ನಡುವೆ ಬೆಳೆ. ಸೋಚಿಮಿಲ್ಕೊ ಎಂಬಲ್ಲಿ ಅವು ಇಂದಿಗೂ ಉಳಿದಿವೆ. 1987ರಲ್ಲಿ ಯುನೆಸ್ಕೊ ಆ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಂದ ಉತ್ತರಕ್ಕೆ, ಅಮೆರಿಕದ ನ್ಯೂ ಮೆಕ್ಸಿಕೊದ ಒಣನೆಲದಲ್ಲಿ ವಾಸಿಸುವ ಜೂನಿ ಬುಡಕಟ್ಟಿನವರು ಇದಕ್ಕೆ ತದ್ವಿರುದ್ಧ ಮಾಡಿದರು. ಚಿಕ್ಕ ಚಿಕ್ಕ ಚೌಕಗಳ ಸುತ್ತ ಮಣ್ಣಿನ ಅಂಚು ಕಟ್ಟಿ, ತಗ್ಗಿನಲ್ಲಿ ಗಿಡ ಬೆಳೆಸಿದರು. ನಮ್ಮ ಕರಾವಳಿಯ ದಿಬ್ಬಕ್ಕೂ ವಿಜಯಪುರದ ಚೌಕುಮಡಿಗೂ ದೂರದ ನೆಂಟರಿವರು.

ಗುಂಡಿ ತೋಡಿ ನೋಡಿ

ಮಳೆ ಒಂದು ಕಡೆಯಾದರೆ ಮಣ್ಣಿನ ಗುಣ ಇನ್ನೊಂದು ಕಡೆ. ಅದನ್ನು ತಿಳಿಯಲು ಪ್ರಯೋಗಾಲಯಕ್ಕೇ ಹೋಗಬೇಕಾಗಿಲ್ಲ. ಮಡಿ ಮಾಡಬೇಕೆಂದಿರುವ ಜಾಗದಲ್ಲಿ ಒಂದಡಿ ಆಳ, ಒಂದಡಿ ಅಗಲದ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಎರಡನೆಯ ಸಲ ತುಂಬಿಸಿ ಗಡಿಯಾರ ನೋಡಿ. ಒಂದೆರಡು ಗಂಟೆಯಲ್ಲಿ ನೀರು ಮಾಯವಾದರೆ ಬಸಿಯುವ ಮಣ್ಣು. ನಾಲ್ಕೈದು ಗಂಟೆಯಾದರೂ ನಿಂತೇ ಇದ್ದರೆ ಏರುಮಡಿ ಬೇಕೇ ಬೇಕು.

ಎರಡನೆಯ ಪರೀಕ್ಷೆ ಇನ್ನೂ ಸುಲಭ. ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ನುಣುಪಾದ ರೇವೆಮಣ್ಣು ಕೆಲವು ಗಂಟೆಗಳಲ್ಲಿ ಅದರ ಮೇಲೆ ಕೂರುತ್ತದೆ. ಜೇಡಿ ಕೂರಲು ಒಂದು ದಿನಕ್ಕಿಂತಲೂ ಹೆಚ್ಚು ಬೇಕಾದೀತು. ಯಾವ ಪದರ ದಪ್ಪವಾಗಿದೆಯೋ ಮಣ್ಣು ಆ ಜಾತಿಯದು.

ಮಳೆ, ಮಣ್ಣು ಎರಡನ್ನೂ ಕೂಡಿಸಿ ನೋಡಿದರೆ ಎತ್ತರದ ಅಂದಾಜು ಹೀಗೆ ಸಿಗುತ್ತದೆ.

ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲದ ತರಕಾರಿಗೆ ಒಂದರಿಂದ ಒಂದೂವರೆ ಅಡಿ ಎತ್ತರ. ಮಡಿಗಳ ನಡುವಿನ ದಾರಿ ಇಳಿಜಾರಿರುವ ಕಡೆಗೆ ತೆರೆದುಕೊಂಡು ಬಸಿಗಾಲುವೆಯ ಕೆಲಸ ಮಾಡಬೇಕು. ನೀರು ಹೋಗಲು ದಾರಿಯಿಲ್ಲದಿದ್ದರೆ ಎಷ್ಟು ಎತ್ತರಿಸಿದರೂ ಫಲವಿಲ್ಲ.

ಬೆಂಗಳೂರು, ಮೈಸೂರು, ತುಮಕೂರು ಕಡೆಯ ಕೆಂಪುಮಣ್ಣಿನಲ್ಲಿ ಆರರಿಂದ ಒಂಬತ್ತು ಅಂಗುಲ ಸಾಕು. ಆದರೆ ಹೊಸ ಬಡಾವಣೆಯ ನಿವೇಶನಗಳ ಮಾತು ಬೇರೆ. ಅಲ್ಲಿ ಮೇಲ್ಮಣ್ಣು ಪಾಯ ತೆಗೆಯುವಾಗಲೇ ಹೋಗಿರುತ್ತದೆ. ಉಳಿದಿರುವುದು ಸುಣ್ಣ, ಸಿಮೆಂಟು, ಇಟ್ಟಿಗೆ ಚೂರುಗಳ ನೆಲ. ಅಂಥಲ್ಲಿ ಒಳ್ಳೆಯ ಮಣ್ಣಿನ ಒಂದಡಿ ಮಡಿ ಏರಿಸುವುದು ಅನಿವಾರ್ಯ. ಆ ಎತ್ತರ ಮಳೆಗಾಗಿ ಅಲ್ಲ, ಕೆಟ್ಟ ನೆಲವನ್ನು ತಪ್ಪಿಸಿಕೊಳ್ಳಲು.

ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ನೀರು ಹಿಡಿಯುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಮಳೆ ಸಾಕಷ್ಟಿರುವ ಎರೆಭೂಮಿಗೆ ಅಗಲವಾದ ತಗ್ಗು ಮಡಿ, ಪಕ್ಕದಲ್ಲಿ ಸಾಲುಗಾಲುವೆ ಎಂಬ ಪದ್ಧತಿಯನ್ನು ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು 1970ರ ದಶಕದಲ್ಲಿ ರೂಪಿಸಿದರು. ಹಿತ್ತಲಿಗೂ ಅದು ಹೊಂದುತ್ತದೆ. ಆರೆಂಟು ಅಂಗುಲದ ಏರು ಸಾಕು.

ಬಳ್ಳಾರಿ, ರಾಯಚೂರು, ಚಿತ್ರದುರ್ಗದ ಒಣಪ್ರದೇಶಗಳಲ್ಲಿ ಮಡಿಯನ್ನು ಏರಿಸಲೇಬಾರದು. ನೆಲಮಟ್ಟಕ್ಕಿಂತ ಮೂರ್ನಾಲ್ಕು ಅಂಗುಲ ತಗ್ಗಿಸಿ, ಸುತ್ತ ಮಣ್ಣಿನ ಅಂಚು ಕಟ್ಟಿ, ಮೇಲೆ ಒಣ ಎಲೆ ಹೊದಿಸಿದರೆ ಹಾಕಿದ ನೀರು ಗಿಡಕ್ಕೇ ಸಲ್ಲುತ್ತದೆ.

ಅಗಲ ಕೈಯ ಅಳತೆ, ಆಳ ಬೇರಿನ ಅಳತೆ

ಮಡಿಯ ಅಗಲಕ್ಕೆ ಒಂದೇ ನಿಯಮ: ಒಮ್ಮೆ ಮಾಡಿದ ಮೇಲೆ ಅದರೊಳಗೆ ಕಾಲಿಡಬಾರದು. ಕಾಲಿಟ್ಟರೆ ಮಣ್ಣು ತುಳಿತಕ್ಕೆ ಸಿಕ್ಕಿ, ಕಷ್ಟಪಟ್ಟು ಮಾಡಿದ ರಂಧ್ರಗಳು ಮುಚ್ಚಿಹೋಗುತ್ತವೆ. ಕುಳಿತವರ ಕೈ ಸುಲಭವಾಗಿ ಎಟಕುವುದು ಎರಡಡಿ. ಆದ್ದರಿಂದ ಎರಡೂ ಕಡೆ ದಾರಿಯಿದ್ದರೆ ಮಡಿ ನಾಲ್ಕಡಿ ಅಗಲ, ಕಾಂಪೌಂಡಿಗೆ ಒರಗಿದ್ದರೆ ಎರಡೇ ಅಡಿ. ಉದ್ದ ಎಂಟು ಹತ್ತು ಅಡಿ ಮೀರಿದರೆ ಸುತ್ತಿಬರುವ ಬದಲು ಮಡಿಯನ್ನೇ ದಾಟುವ ಆಸೆ ಹುಟ್ಟುತ್ತದೆ, ಮಕ್ಕಳಿಗಂತೂ ಖಂಡಿತ! ದಾರಿ ಒಂದೂವರೆ ಅಡಿಯಾದರೂ ಇರಲಿ.

ಸಡಿಲ ಮಣ್ಣಿನ ಆಳವನ್ನು ಬೆಳೆ ನಿರ್ಧರಿಸುತ್ತದೆ. ಮೆಂತ್ಯ, ಕೊತ್ತಂಬರಿ, ಪಾಲಕ್, ದಂಟು ಮೊದಲಾದ ಸೊಪ್ಪುಗಳಿಗೆ ಆರೆಂಟು ಅಂಗುಲ ಸಾಕು. ಮೂಲಂಗಿ, ಕ್ಯಾರೆಟ್, ಹುರುಳಿಕಾಯಿಗಳಿಗೆ ಒಂದಡಿ ಬೇಕು. ಟೊಮೆಟೊ, ಬದನೆ, ಮೆಣಸಿನಕಾಯಿ, ಬೆಂಡೆಗಳಿಗೆ ಒಂದೂವರೆ ಅಡಿ ಇದ್ದರೆ ಒಳ್ಳೆಯದು. ಈ ಆಳವನ್ನೆಲ್ಲ ನೆಲದ ಮೇಲೆಯೇ ಕಟ್ಟಬೇಕೆಂದಿಲ್ಲ. ಒಂಬತ್ತು ಅಂಗುಲ ಏರಿಸಿ, ಕೆಳಗಿನ ಒಂಬತ್ತು ಅಂಗುಲ ನೆಲವನ್ನು ಸಡಿಲಿಸಿದರೆ ಒಂದೂವರೆ ಅಡಿ ಆಯಿತಲ್ಲ! ತರಿಸಬೇಕಾದ ಮಣ್ಣು ಅರ್ಧಕ್ಕೆ ಇಳಿಯುತ್ತದೆ.

ಬಿಸಿಲಿನ ದಿಕ್ಕು

ಕಾಯಿಪಲ್ಯಗಳಿಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಸೊಪ್ಪುಗಳು ನಾಲ್ಕು ಗಂಟೆಗೂ ಒಗ್ಗಿಕೊಳ್ಳುತ್ತವೆ. ಹೀರೆ, ಹಾಗಲ, ಅವರೆಗಳ ಚಪ್ಪರವನ್ನು ಮಡಿಯ ಯಾವ ತುದಿಗೆ ಹಾಕಬೇಕು ಎಂಬುದು ಹಲವರ ಪ್ರಶ್ನೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ನಡುಹಗಲಿನ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆರಡಿ ಎತ್ತರದ ಬಳ್ಳಿಯ ನೆರಳು ಉತ್ತರಕ್ಕೆ ನಾಲ್ಕೂವರೆ ಅಡಿಯಷ್ಟು ಚಾಚುತ್ತದೆ. ಜೂನ್ ಕೊನೆಯಲ್ಲಿ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೆ ಇರುವುದರಿಂದ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಆದರೆ ಒಂದಡಿಯಷ್ಟು ಮಾತ್ರ. ಹೀಗಾಗಿ ಬಳ್ಳಿಗಳು ಉತ್ತರದ ತುದಿಯಲ್ಲಿದ್ದರೆ ವರ್ಷವಿಡೀ ಉಳಿದ ಗಿಡಗಳಿಗೆ ತೊಂದರೆಯಿಲ್ಲ.

ಬಿಸಿಲಿನಷ್ಟೇ ಗಮನಿಸಬೇಕಾದದ್ದು ಹತ್ತಿರದ ಮರ. ತೆಂಗು, ನುಗ್ಗೆ, ಮಾವುಗಳ ಬೇರು ಗೊಬ್ಬರದ ವಾಸನೆ ಹಿಡಿದವರಂತೆ ಮಡಿಯ ತಳದಿಂದ ಮೇಲೇರಿ ಬರುತ್ತವೆ. ಒಂದೆರಡು ವರ್ಷದಲ್ಲಿ ಮಡಿಯೆಲ್ಲ ಬೇರಿನ ಜಾಲವಾಗಿ ತರಕಾರಿ ಸೊರಗುತ್ತದೆ. ಮರದ ಹರವಿನಿಂದ ಆದಷ್ಟು ದೂರ ಮಡಿ ಮಾಡುವುದೇ ಇದಕ್ಕೆ ಮದ್ದು.

ಅಂಚು ಮತ್ತು ಹೂರಣ

ಮಡಿಗೆ ಅಂಚು ಕಟ್ಟಲೇಬೇಕೆಂಬ ನಿಯಮವಿಲ್ಲ. ಪಕ್ಕಗಳನ್ನು ತುಸು ಇಳಿಜಾರು ಮಾಡಿ, ಒಣಹುಲ್ಲು ಅಥವಾ ತರಗೆಲೆ ಹೊದಿಸಿದರೆ ಒಂಬತ್ತು ಅಂಗುಲದ ಮಣ್ಣು ಮಳೆಗೆ ಕುಸಿಯದೆ ನಿಲ್ಲುತ್ತದೆ. ಅದಕ್ಕಿಂತ ಎತ್ತರವಾದರೆ ಆಸರೆ ಬೇಕು. ಕರಾವಳಿಯಲ್ಲಿ ಮುರಕಲ್ಲು, ಹಳೆಯ ಹಂಚು. ಮಲೆನಾಡಿನಲ್ಲಿ ಅಡಿಕೆ ಮರದ ದಬ್ಬೆ. ಬಯಲುಸೀಮೆಯಲ್ಲಿ ಚಪ್ಪಡಿ ಕಲ್ಲು, ಸೈಜುಗಲ್ಲು ಕೈಗೆ ಸಿಗುವಂಥವು. ದಬ್ಬೆ ಮತ್ತು ಬಿದಿರಿಗೆ ಗೆದ್ದಲು ಹತ್ತುವುದರಿಂದ ಎರಡು ಮೂರು ಮಳೆಗಾಲಕ್ಕೊಮ್ಮೆ ಬದಲಿಸಬೇಕಾದೀತು. ಕಲ್ಲು ಇಟ್ಟಿಗೆಗಳನ್ನು ಗಾರೆ ಹಾಕದೆ ಜೋಡಿಸಿದರೆ ಸಂದಿಯಲ್ಲಿ ನೀರು ಬಸಿಯುತ್ತದೆ, ಬೇಡವೆನಿಸಿದಾಗ ಕಿತ್ತು ಬೇರೆಡೆ ಇಡಲೂ ಬಹುದು. ಒಡೆದ ಆಸ್ಬೆಸ್ಟಾಸ್ ಶೀಟು, ಹಳೆಯ ಬಣ್ಣ ಬಳಿದ ಮರ, ಎಣ್ಣೆ ಕುಡಿಸಿದ ರೈಲ್ವೆ ಸ್ಲೀಪರುಗಳನ್ನು ಮಾತ್ರ ತಿನ್ನುವ ತರಕಾರಿಯ ಹತ್ತಿರ ತರಬೇಡಿ.

ತುಂಬಲು ಮೂರು ಬುಟ್ಟಿ ಮೇಲ್ಮಣ್ಣಿಗೆ ಎರಡು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎಲೆಗೊಬ್ಬರ ಬೆರೆಸಿದರೆ ಸರಿಹೋಗುತ್ತದೆ. ಮಣ್ಣು ಜೇಡಿಯಾಗಿದ್ದರೆ ಗೊಬ್ಬರದ ಪಾಲು ಹೆಚ್ಚಿಸಿ. ಹಸಿ ಸಗಣಿ, ಮರದ ಹೊಟ್ಟು, ಒಣ ಎಲೆಗಳನ್ನು ಬೇರಿನ ಮಟ್ಟದಲ್ಲಿ ಹಾಗೆಯೇ ಸೇರಿಸಬಾರದು. ಹೊಟ್ಟು, ಒಣ ಎಲೆಗಳನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ತಮ್ಮ ಬೆಳವಣಿಗೆಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ, ಗಿಡ ಹಳದಿಯಾಗುತ್ತದೆ. ಹಸಿ ಸಗಣಿ ಕೊಳೆಯುವಾಗ ಏಳುವ ಬಿಸಿಗೆ ಎಳೆಯ ಬೇರು ಸುಡುತ್ತದೆ. ಒಣ ಎಲೆಗೆ ತಕ್ಕ ಜಾಗ ಮಡಿಯ ಮೇಲ್ಭಾಗ. ಅಲ್ಲಿ ಹೊದಿಕೆಯಾಗಿ ಬಿಸಿಲನ್ನೂ ಮಳೆಹನಿಯ ಪೆಟ್ಟನ್ನೂ ತಡೆದು, ನಿಧಾನವಾಗಿ ಗೊಬ್ಬರವಾಗುತ್ತದೆ. ಮೊದಲ ವರ್ಷ ಮಡಿ ಕೆಲವು ಅಂಗುಲ ಕುಗ್ಗಿದರೆ ಗಾಬರಿ ಬೇಡ. ಗೊಬ್ಬರ ಕರಗಿದ್ದರ ಗುರುತು ಅದು. ಪ್ರತಿ ಬೆಳೆಯ ನಂತರ ಎರಡು ಬುಟ್ಟಿ ಗೊಬ್ಬರ ಮೇಲಿಂದ ಸೇರಿಸುತ್ತ ಹೋಗಬೇಕು.

ತಾರಸಿಯ ಮೇಲೆ ಎಚ್ಚರ

ನೆಲವಿಲ್ಲದವರು ತಾರಸಿಯ ಮೇಲೆಯೇ ಇಟ್ಟಿಗೆ ಕಟ್ಟಿ ಮಡಿ ಮಾಡುವುದುಂಟು. ಇಲ್ಲಿ ಪ್ರಶ್ನೆ ಬೆಳೆಯದಲ್ಲ, ಮನೆಯದು. ಒಂದು ಚದರ ಮೀಟರಿನಲ್ಲಿ ಒಂದಡಿ ಒದ್ದೆಮಣ್ಣಿನ ತೂಕ ಸುಮಾರು 500 ಕಿಲೋ. ನಾಲ್ಕಡಿ, ಎಂಟಡಿಯ ಮಡಿಯೊಂದು ಹೆಚ್ಚುಕಡಿಮೆ ಒಂದೂವರೆ ಟನ್ ತೂಗುತ್ತದೆ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕದಂತೆ ಲೆಕ್ಕ ಹಿಡಿಯುವ ಹೆಚ್ಚುವರಿ ಭಾರ ಚದರ ಮೀಟರಿಗೆ 150 ಕಿಲೋ ಮಾತ್ರ. ಅಂದರೆ ಇಂಥ ಮಡಿ ಅದರ ಮೂರು ಪಟ್ಟಿಗೂ ಹೆಚ್ಚು. ಜನ ಬಂದು ಹೋಗುತ್ತಾರೆ, ಮಣ್ಣಿನ ಭಾರ ಹಗಲೂ ರಾತ್ರಿ ಕೂತೇ ಇರುತ್ತದೆ. ಜೊತೆಗೆ ತಳದಲ್ಲಿ ನೀರು ನಿಂತು ಸೋರಿ ಕಬ್ಬಿಣದ ಸರಳು ತುಕ್ಕು ಹಿಡಿಯುವ ಅಪಾಯ ಬೇರೆ. ಆದ್ದರಿಂದ ಎಂಜಿನಿಯರರ ಸಲಹೆಯಿಲ್ಲದೆ ತಾರಸಿಯಲ್ಲಿ ಮಣ್ಣಿನ ಮಡಿ ಬೇಡವೇ ಬೇಡ. ತೆಂಗಿನ ನಾರಿನ ಪುಡಿ ಮತ್ತು ಗೊಬ್ಬರ ತುಂಬಿದ ಹಗುರ ಚೀಲ, ಕುಂಡಗಳನ್ನು ಗೋಡೆಯ ನೇರಕ್ಕೆ ಬಿಡಿಬಿಡಿಯಾಗಿ ಇಡುವುದು ಲೇಸು.

ಹಿರಿಯರಿಗೊಂದು ಮಡಿ

ಎರಡಡಿ ಎತ್ತರದ ಮಡಿ ಯಾರಿಗೂ ಬೇಡವೇ? ಒಬ್ಬರಿಗೆ ಬೇಕು. ಮಂಡಿನೋವಿನಿಂದ ನೆಲದಲ್ಲಿ ಕೂರಲಾಗದ ಅಜ್ಜ ಅಜ್ಜಿಯರಿಗೆ, ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಆ ಎತ್ತರ ವರದಾನ. ಜೀವಮಾನವಿಡೀ ಹಿತ್ತಲಲ್ಲಿ ಕೈ ಆಡಿಸಿದವರು ಕಿಟಕಿಯಿಂದ ಗಿಡ ನೋಡುತ್ತ ಕೂರಬೇಕಾದ ಸ್ಥಿತಿ ಅನೇಕ ಮನೆಗಳಲ್ಲಿದೆ. ಅಂಥವರಿಗಾಗಿ ಎರಡಡಿ ಅಗಲ, ಎರಡಡಿ ಎತ್ತರ, ಮೇಲಂಚು ಕೂರಲು ಬರುವಂತೆ ಚಪ್ಪಡಿ ಹಾಸಿದ ಪುಟ್ಟ ಮಡಿಯೊಂದು ಇರಲಿ. ನೀರು ಹೆಚ್ಚು ಕೇಳುತ್ತದೆ, ನಿಜ. ಪಾತ್ರೆ, ತರಕಾರಿ ತೊಳೆದ ತಿಳಿನೀರನ್ನು ಅದಕ್ಕೆ ಮೀಸಲಿಟ್ಟರಾಯಿತು. ಸೊಪ್ಪು ಬಿತ್ತಿದರೆ ಮೂರ್ನಾಲ್ಕು ವಾರದಲ್ಲಿ ಕೊಯ್ಲಿಗೆ ಬರುತ್ತದೆ, ಕೆಲಸವೂ ಹಗುರ.

ಉಳಿದವರು ಮೊದಲ ವರ್ಷ ಒಂದೇ ಮಡಿ ಮಾಡಿ, ಅಂಚು ಕಟ್ಟದೆ ಬರೀ ಮಣ್ಣಿನಲ್ಲಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಜೋರು ಮಳೆಯ ಮರುದಿನ ಬೆರಳು ಊರಿ ನೋಡಿ. ಬೇಸಿಗೆಯಲ್ಲಿ ಎಷ್ಟು ದಿನಕ್ಕೊಮ್ಮೆ ಎಲೆ ಬಾಡುತ್ತದೆಂದು ಗುರುತು ಹಾಕಿಕೊಳ್ಳಿ. ನೀರು ನಿಂತಿದ್ದರೆ ಮುಂದಿನ ವರ್ಷ ಮೂರು ಅಂಗುಲ ಏರಿಸಿ, ಬೇಗ ಒಣಗಿದರೆ ಮೂರು ಅಂಗುಲ ಇಳಿಸಿ. ಮಣ್ಣಿನ ಮಡಿಯಾದರೆ ಅದು ಗುದ್ದಲಿಯ ಅರ್ಧ ದಿನದ ಕೆಲಸ. ಕಲ್ಲು, ಇಟ್ಟಿಗೆಗೆ ಹಣ ಹಾಕುವುದು ಆಮೇಲೆ ಇದ್ದೇ ಇದೆ.